ಮೆಥಿಲೀನ್ ಬ್ಲೂ ಹಾಕಿ ಸೆಂಟಿನೆಲ್ ನೋಡ್ ಹುಡುಕುವ ಕ್ರಮ

ಸ್ತನದ ದುಗ್ಧರಸ (ಲಿಂಫ್) ಮೊದಲು ಹರಿದು ಸೇರುವ ಗ್ರಂಥಿಯೇ ಸೆಂಟಿನೆಲ್ ನೋಡ್. ಅದರಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಕಂಕುಳಿನ ಉಳಿದ ಗ್ರಂಥಿಗಳನ್ನು ಮುಟ್ಟಬೇಕಿಲ್ಲ. ಮುಂದೆ ಕೈ ಬಾತುಕೊಳ್ಳುವ ಕಾಟವೂ ಕಡಿಮೆ. ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ಸ್ತನಕ್ಕೆ ಚುಚ್ಚಿದರೆ ಅದು ದುಗ್ಧರಸದೊಡನೆ ಹರಿದು ಈ ಗ್ರಂಥಿಯನ್ನು ತೋರಿಸಿಕೊಡುತ್ತದೆ. ಟೆಕ್ನೀಷಿಯಂ (ವಿಕಿರಣ ಸೂಸುವ ವಸ್ತು), ಗಾಮಾ ಪ್ರೋಬ್ (ಆ ವಿಕಿರಣ ಪತ್ತೆಹಚ್ಚುವ ಉಪಕರಣ) ಇದ್ದರೆ ಬಣ್ಣದ ಜೊತೆಗೆ ಅವನ್ನೂ ಬಳಸಿ. ಎಷ್ಟೋ ಆಸ್ಪತ್ರೆಗಳಲ್ಲಿ ಆ ಸೌಲಭ್ಯ ಇರುವುದಿಲ್ಲ, ಅಲ್ಲಿ ಬಣ್ಣವೇ ಆಧಾರ.

ಗರ್ಭಿಣಿಯರಿಗೆ, ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಕಿಣ್ವ) ಕೊರತೆ ಇರುವವರಿಗೆ ಮೆಥಿಲೀನ್ ಬ್ಲೂ ಬೇಡ. ಖಿನ್ನತೆಗೆ ಎಸ್‌ಎಸ್‌ಆರ್‌ಐ ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಮೊದಲೇ ಕೇಳಿ, ಸೆರೊಟೋನಿನ್ ಸಿಂಡ್ರೋಮ್ (ಮೈಯಲ್ಲಿ ಸೆರೊಟೋನಿನ್ ರಾಸಾಯನಿಕ ಅತಿಯಾಗಿ ಏರುಪೇರಾಗುವುದು) ಆಗುವ ಅಪಾಯವಿದೆ. ಚುಚ್ಚುವ ಮುನ್ನ ಅರಿವಳಿಕೆ ವೈದ್ಯರಿಗೂ ಒಂದು ಮಾತು ಹೇಳಿ: ಬಣ್ಣ ರಕ್ತಕ್ಕೆ ಸೇರಿದಾಗ ಪಲ್ಸ್ ಆಕ್ಸಿಮೀಟರ್ ಸುಳ್ಳೇ ಕಡಿಮೆ ಅಂಕಿ ತೋರಿಸಬಹುದು.

1% ದ್ರಾವಣ 2 ಮಿ.ಲೀ.ಗೆ 3 ಮಿ.ಲೀ. ಸಲೈನ್ ಬೆರೆಸಿ, ಮೊಲೆತೊಟ್ಟಿನ ಸುತ್ತಲ ಕಪ್ಪು ಭಾಗದ ಅಡಿಗೆ ಚುಚ್ಚಿ. ಚರ್ಮದ ಪದರದೊಳಕ್ಕೇ ಹೋದರೆ ಅಲ್ಲಿ ಚರ್ಮ ಸತ್ತು ಹುಣ್ಣಾಗಬಹುದು; ಬಣ್ಣವನ್ನು ತೆಳುವಾಗಿಸುವುದು ಇದಕ್ಕಾಗಿಯೇ. ಆಮೇಲೆ 5 ನಿಮಿಷ ಕಂಕುಳಿನ ಕಡೆಗೆ ಉಜ್ಜಿ. ಈ ಐದು ನಿಮಿಷ ಉಳಿಸಲು ಹೋದವರು ಒಳಗೆ ಅರ್ಧ ಗಂಟೆ ತಡಕಾಡುತ್ತಾರೆ.

ಕಂಕುಳಿನ ಕೂದಲಗೆರೆಯ ಸ್ವಲ್ಪ ಕೆಳಗೆ 3–4 ಸೆಂ.ಮೀ. ಕೊಯ್ದು, ಕ್ಲಾವಿಪೆಕ್ಟೋರಲ್ ಫೇಸಿಯಾ (ಕಂಕುಳಿನ ಕೊಬ್ಬನ್ನು ಮುಚ್ಚಿರುವ ತೆಳು ಪೊರೆ) ತೆರೆಯಿರಿ. ಅಲ್ಲಿಂದ ಕತ್ತರಿಯ ತುದಿಯನ್ನು ಅಗಲಿಸುತ್ತ ಮೆಲ್ಲಗೆ ಸಾಗಿ. ಹಳದಿ ಕೊಬ್ಬಿನ ನಡುವೆ ದಾರದೆಳೆಯಷ್ಟು ತೆಳುವಾದ ನೀಲಿ ನಾಳ ಕಾಣುತ್ತದೆ. ಅದನ್ನು ಗ್ರಂಥಿಯವರೆಗೂ ಹಿಂಬಾಲಿಸಿ, ಸ್ತನದ ಕಡೆಗೂ ಒಮ್ಮೆ ನೋಡಿ. ಮೊದಲ ಗ್ರಂಥಿ ಹಿಂದೆಯೇ ಉಳಿದಿರಬಹುದು. ನಾಳ ತುಂಡಾದರೆ ಬಣ್ಣ ಚೆಲ್ಲಿ ಕೊಬ್ಬೆಲ್ಲ ನೀಲಿಯಾಗುತ್ತದೆ, ಮತ್ತೆ ಗುರುತೇ ಸಿಗದು. ರಕ್ತ ಜಿನುಗಿದರೂ ಅದೇ ಪಾಡು.

ನೀಲಿಯಾದವನ್ನಷ್ಟೇ ಅಲ್ಲ, ನೀಲಿ ನಾಳ ಬಂದು ಸೇರುವ ಬಿಳಿ ಗ್ರಂಥಿಯನ್ನೂ ತೆಗೆಯಿರಿ. ಕೊನೆಗೆ ಬೆರಳು ಹಾಕಿ ತಡವಲೇಬೇಕು: ಕ್ಯಾನ್ಸರ್ ತುಂಬಿ ಗಟ್ಟಿಯಾದ ಗ್ರಂಥಿಗೆ ದುಗ್ಧರಸ ನುಗ್ಗುವುದಿಲ್ಲ, ಬಣ್ಣವೂ ಹತ್ತುವುದಿಲ್ಲ. ನಮ್ಮ ಲೆಕ್ಕದಲ್ಲಿ ಇಡೀ ಕೆಲಸದಲ್ಲಿ ಹೆಚ್ಚು ಮರೆತುಹೋಗುವ ಹೆಜ್ಜೆ ಇದೇ.

ಗಾಮಾ ಪ್ರೋಬ್ ಹಿಡಿದಾಗ ಅದರ ಮೂತಿ ಚುಚ್ಚಿದ ಜಾಗದತ್ತ ತಿರುಗದಿರಲಿ. ತೆಗೆದ ಗ್ರಂಥಿಯನ್ನು ಹೊರಗೆ ಹಿಡಿದು ವಿಕಿರಣದ ಎಣಿಕೆ ನೋಡಿ. ಅತಿ ಹೆಚ್ಚು ಬಂದದ್ದರ 10%ಗಿಂತ ಮೇಲಿರುವ ಗ್ರಂಥಿಗಳೆಲ್ಲ ಹೊರಬರಬೇಕು.

ಕೀಮೋ ಆದ ಮೇಲಿನ ಕಂಕುಳಿಗೆ ಬಣ್ಣವೊಂದನ್ನೇ ನಂಬಬಾರದು. ಅಮೆರಿಕದ ಜೆಡ್1071 ಅಧ್ಯಯನದಲ್ಲಿ ಒಂದೇ ಟ್ರೇಸರ್ (ಗ್ರಂಥಿ ಗುರುತಿಸುವ ಬಣ್ಣ ಅಥವಾ ವಿಕಿರಣ ವಸ್ತು) ಬಳಸಿದಾಗ ಸುಳ್ಳು ನೆಗೆಟಿವ್ (ಕ್ಯಾನ್ಸರ್ ಇದ್ದೂ ಇಲ್ಲವೆಂದು ಬರುವುದು) 20.3%, ಎರಡು ಬಳಸಿದಾಗ 10.8%. ಕೀಮೋಗೆ ಮುಂಚೆಯೇ ರೋಗವಿರುವ ಗ್ರಂಥಿಗೆ ಗುರುತಿಗಾಗಿ ಪುಟ್ಟ ಲೋಹದ ಕ್ಲಿಪ್ ಹಾಕಿಸಿ. ಶಸ್ತ್ರಚಿಕಿತ್ಸೆಯ ದಿನ ಆ ಗ್ರಂಥಿ ಸೇರಿ ಕನಿಷ್ಠ 3 ತೆಗೆದು, ಎಕ್ಸ್‌ರೇಯಲ್ಲಿ ಕ್ಲಿಪ್ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ಏನೂ ಸಿಗದಿದ್ದರೆ ಕಂಕುಳಿನಲ್ಲಿ ಹಾದುಹೋಗುವ ಇಂಟರ್‌ಕೋಸ್ಟೋಬ್ರೇಕಿಯಲ್ ನರದ ಕೆಳಗಿನ ಕೊಬ್ಬು, ಗ್ರಂಥಿಗಳನ್ನು ಒಟ್ಟಾಗಿ ತೆಗೆಯುವ ದಾರಿಯಿದೆ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆ ಈ ವಿಧಾನವನ್ನು ಪರೀಕ್ಷಿಸಿ ಪ್ರಕಟಿಸಿದೆ. ಇಲ್ಲವಾದರೆ ಪೂರ್ತಿ ಕ್ಲಿಯರೆನ್ಸ್, ಅಂದರೆ ಕಂಕುಳಿನ ಗ್ರಂಥಿಗಳನ್ನು ತೆಗೆದುಹಾಕುವುದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗಲೇ ಇದನ್ನು ಹೇಳಿರಬೇಕು. ಒಂದೆರಡು ದಿನ ಮೂತ್ರ ಹಸಿರು–ನೀಲಿ ಬರುತ್ತದೆಂದೂ ಆಗಲೇ ತಿಳಿಸಿ; ಇಲ್ಲದಿದ್ದರೆ ರಾತ್ರಿ ಪಾಳಿಯ ನರ್ಸ್‌ಗೆ ಮನೆಯವರನ್ನು ಸಮಾಧಾನಪಡಿಸುವುದೇ ಕೆಲಸವಾಗುತ್ತದೆ.