ನಮ್ಮೂರಿಗೆ ಫೈಬರ್ ಎಳೆದೆ: ಒಬ್ಬ ಕೇಬಲ್‌ನವನ ಅನುಭವ

ನಾನು ಕೇಬಲ್ ಟಿವಿಯವನು. ನಮ್ಮೂರು ಮದ್ದೂರು ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆ ಪಕ್ಕ. ಸುಮಾರು 300 ಮನೆ. ಸುತ್ತ ಕಬ್ಬು, ಭತ್ತ, ತೆಂಗು. 20 ವರ್ಷ ಕಂಬ ಹತ್ತಿ, ಮಾಳಿಗೆ ಹತ್ತಿ ಕಪ್ಪು ಕೇಬಲ್ ಎಳೆದವನಿಗೆ ಇಂಟರ್‌ನೆಟ್ ಏನು ಮಹಾ ಅನ್ನುವ ಧೈರ್ಯ ಇತ್ತು. ಮೊದಲ ತಿಂಗಳಲ್ಲೇ ಆ ಧೈರ್ಯ ಇಳಿಯಿತು.

ಫೈಬರ್ ಅಂದರೆ ಬೆಳಕಿನ ಮೂಲಕ ಇಂಟರ್‌ನೆಟ್ ಸಾಗಿಸುವ ಗಾಜಿನ ಎಳೆ. ನಮ್ಮ ಕಡೆಗೆ ಅದನ್ನ ತಂದವನು ನಾನೇ ಅಂದರೆ ಸುಳ್ಳಾಗುತ್ತೆ. ನನಗಿಂತ ಮೊದಲೇ ಅದು ಪಂಚಾಯಿತಿ ಆಫೀಸಿಗೆ ಬಂದಿತ್ತು. ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟು, ಆಮೇಲೆ ಭಾರತ್‌ನೆಟ್ ಅಂತ ಹೆಸರು ಬದಲಾದ ಯೋಜನೆ ಇದೆಯಲ್ವಾ, ಅದರ ಮೊದಲ ಗುರಿ ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವುದು. ಅಲ್ಲಿಂದ ಮನೆ ಮನೆಗೆ ಎಳೆಯುವುದು ಬೇರೆಯದೇ ಕೆಲಸ. ನಾನು ಒಮ್ಮೆ ತೆರಿಗೆ ಕಟ್ಟಲು ಹೋದಾಗ ಗೋಡೆಯ ಮೇಲಿನ ಆ ಫೈಬರ್‌ನ ಬಾಕ್ಸ್ ನೋಡಿದೆ. ಪ್ಲಗ್ ಕಿತ್ತಿಟ್ಟಿದ್ದರು. ಅದೇ ಪಾಯಿಂಟಿಗೆ ಟೇಬಲ್ ಫ್ಯಾನ್ ಹಾಕಿದ್ದರು. ಬಿರು ಬೇಸಿಗೆ, ಯಾರನ್ನ ಬೈಯೋದು?

ಮನೆಗಳಲ್ಲಿ ಆಗ ಇದ್ದದ್ದು ತಾಮ್ರದ ತಂತಿ. ನಮ್ಮ ಮನೆಯಲ್ಲೂ ಲ್ಯಾಂಡ್‌ಲೈನ್ ಜೊತೆ ಬ್ರಾಡ್‌ಬ್ಯಾಂಡ್ ಇತ್ತು. ತಾಮ್ರದ ತಂತಿಯಲ್ಲಿ ಬರುವ ಇಂಟರ್‌ನೆಟ್‌ಗೆ ದೂರವೇ ಶತ್ರು. ಎಕ್ಸ್‌ಚೇಂಜ್ ಪಕ್ಕದ ಮನೆಗೆ 20 ಎಂಬಿಪಿಎಸ್ ವೇಗ ಬಂದರೆ, 5 ಕಿಲೋಮೀಟರ್ ಆಚೆಗೆ 1 ಬಂದರೂ ಪುಣ್ಯ. ನಮ್ಮದು 5ಕ್ಕಿಂತ ಸ್ವಲ್ಪ ಜಾಸ್ತಿ ದೂರ. ನಡುವೆ ಪ್ಲಾಸ್ಟಿಕ್ ಕವರ್ ಸುತ್ತಿದ ಎಷ್ಟು ಜಾಯಿಂಟ್ ಇದ್ದವೋ ದೇವರಿಗೇ ಗೊತ್ತು. ಮಳೆ ಬಂದರೆ ಫೋನಿನಲ್ಲಿ ಒಗ್ಗರಣೆ ಸದ್ದು, ಮೋಡೆಮ್ ದೀಪ ಮಿಟಿಮಿಟಿ. ಒಳ್ಳೆ ದಿನ 700 ಕೆಬಿಪಿಎಸ್, ಅಂದರೆ 1 ಎಂಬಿಪಿಎಸ್‌ಗೂ ಕಡಿಮೆ ಸಿಗುತ್ತಿತ್ತು. ಇದು ಬ್ರಾಡ್‌ಬ್ಯಾಂಡಾ ಅಂದರೆ, ಯಾವ ವರ್ಷದ ಲೆಕ್ಕ ಅಂತ ಕೇಳಬೇಕು. 2004ರಲ್ಲಿ 256 ಕೆಬಿಪಿಎಸ್ ಇದ್ದರೆ ಸರ್ಕಾರದ ಪ್ರಕಾರ ಬ್ರಾಡ್‌ಬ್ಯಾಂಡ್. 2013ರಲ್ಲಿ ಅದು 512 ಆಯಿತು. 2023ರಲ್ಲಿ 2 ಎಂಬಿಪಿಎಸ್ ಆಯಿತು. ಕಾಗದದ ಮೇಲಿನ ವೇಗ ನಮ್ಮೂರಿಗಿಂತ ಮುಂದೆ ಓಡುತ್ತಾ ಇತ್ತು.

2020ರಲ್ಲಿ ಸ್ಕೂಲು ಮುಚ್ಚಿದಾಗ ನನ್ನ ಮಗಳೂ ಅವಳ ಗೆಳತಿಯರೂ ನಾಲೆ ಏರಿ ಮೇಲೆ ಕೂತು ಆನ್‌ಲೈನ್ ಕ್ಲಾಸ್ ಕೇಳುತ್ತಿದ್ದರು. ಅಲ್ಲಿ ಮಾತ್ರ ಮೊಬೈಲ್ ಸಿಗ್ನಲ್. ಪಕ್ಕದಲ್ಲೇ ತುಂಬಿದ ನಾಲೆ ಹರಿಯುತ್ತಿರುತ್ತೆ, ತಾಯಂದಿರು ಕೆಲಸ ಬಿಟ್ಟು ಕಾವಲು ಕೂರುತ್ತಿದ್ದರು. ಒಂದು ದಿನ ಅವರಲ್ಲೊಬ್ಬರು ನನ್ನನ್ನ ನಿಲ್ಲಿಸಿ ಕೇಳಿದರು, ‘ಟಿವಿಗೆ ಕೇಬಲ್ ಎಳೀತೀಯ, ಇದಕ್ಕೆ ಯಾಕೆ ಎಳೆಯಲ್ಲ?’ ಉತ್ತರ ಹೊಳೆಯಲಿಲ್ಲ.

ಹೋಬಳಿ ಊರಿನ ತನಕ ಒಂದು ಲೈಸೆನ್ಸ್ ಇದ್ದ ಇಂಟರ್‌ನೆಟ್ ಕಂಪನಿಯ ಫೈಬರ್ ಇತ್ತು. ಅವರ ಜೊತೆ ಒಪ್ಪಂದ ಮಾಡಿಕೊಂಡೆ. ಬ್ಯಾಂಡ್‌ವಿಡ್ತ್, ಅಂದರೆ ಕೇಬಲ್‌ಗೆ ಬಿಡುವ ಇಂಟರ್‌ನೆಟ್, ಅವರದು, ಎಳೆಯೋದು, ಜೋಡಿಸೋದು, ಬೈಸಿಕೊಳ್ಳೋದು ನನ್ನದು. ಅಲ್ಲಿಂದ ನಮ್ಮೂರಿಗೆ 7 ಕಿಲೋಮೀಟರ್.

ಕಂಬದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಹೆಚ್ಚು ದಿನ ತಿಂದದ್ದು ಇದೇ. ಕರೆಂಟ್ ಕಂಬಕ್ಕೆ ಕಟ್ಟಲು ಅನುಮತಿ ಬೇಕು. ಅರ್ಜಿ ಕೊಟ್ಟೆ. ಫೈಲ್ ಒಂದು ಟೇಬಲಿನಿಂದ ಇನ್ನೊಂದಕ್ಕೆ ಹೋಗಿ ಬರುವುದರಲ್ಲಿ ಒಂದು ಬೆಳೆ ಕಬ್ಬು ಬೆಳೆದು ಕಟಾವಾಯಿತು. ಕಾದು ಸಾಕಾಗಿ ಅರ್ಧ ದಾರಿಗೆ ನಾನೇ ಜಿಐ ಪೈಪ್ ನೆಡಿಸಿದೆ. ನಮ್ಮ ಬೀದಿಯಲ್ಲಿ ಒಬ್ಬ ಹಿರಿಯರು ಬಾಗಿಲಿಗೆ ಎದುರು ಕಂಬ ಬೇಡವೇ ಬೇಡ ಅಂದರು. ಎರಡು ಅಡಿ ಸರಿಸಿದೆ. ಕಿಟಕಿಗೆ ಎದುರಾಯಿತು. ಮತ್ತೆ ಸರಿಸಿದೆ. ತುಳಸಿಕಟ್ಟೆಗೆ ನೆರಳು ಅಂದರು. ಪೈಪಿಗೆ ಎಷ್ಟು ನೆರಳು ಸ್ವಾಮಿ! ಕೊನೆಗೆ ಪಕ್ಕದ ಮನೆಯವರು ತಮ್ಮ ಕೊಟ್ಟಿಗೆ ಗೋಡೆಗೆ ಹುಕ್ ಹೊಡೆಯಲು ಬಿಟ್ಟರು. ಇಂಥ ಮೂರು ದಿನಗಳಿಗೆ ಯಾವ ಅಂದಾಜು ಪಟ್ಟಿಯಲ್ಲೂ ಜಾಗ ಇರುವುದಿಲ್ಲ.

ಈಗ ಬೆಳಕಿನ ಲೆಕ್ಕ. ಇದನ್ನ ಕಲಿಯದೆ ಯಾರೂ ಈ ಕೆಲಸಕ್ಕೆ ಕೈ ಹಾಕಬೇಡಿ. ಹೋಬಳಿ ಊರಿನ ಮೆಷಿನ್, ನಾವು ಓಎಲ್‌ಟಿ ಅನ್ನುತ್ತೇವೆ, ಒಂದು ಫೈಬರ್ ಎಳೆಯಲ್ಲಿ ಬೆಳಕು ಬಿಡುತ್ತೆ. ದಾರಿಯಲ್ಲಿ ಸ್ಪ್ಲಿಟರ್ ಇಟ್ಟು ಆ ಬೆಳಕನ್ನ ಹಂಚುತ್ತೇವೆ. ತೂಬು ಇಟ್ಟು ನಾಲೆ ನೀರು ಹಂಚಿದ ಹಾಗೆ. ಸ್ಪ್ಲಿಟರ್‌ಗೆ ಕರೆಂಟ್ ಬೇಡ, ಬರೀ ಗಾಜು. ಆದರೆ ಹಂಚಿದಷ್ಟೂ ಬೆಳಕು ಕಡಿಮೆ. ಅದನ್ನ ಡಿಬಿ ಅನ್ನುವ ಅಳತೆಯಲ್ಲಿ ಲೆಕ್ಕ ಹಾಕುತ್ತೇವೆ, ಪ್ರತಿ 3 ಡಿಬಿ ಇಳಿದರೆ ಬೆಳಕು ಅರ್ಧ ಆಯಿತು ಅಂತ ಅರ್ಥ. ನಾಲ್ಕು ಭಾಗ ಮಾಡುವ ಸ್ಪ್ಲಿಟರ್ ಸುಮಾರು 7 ಡಿಬಿ ತಿನ್ನುತ್ತೆ, ಎಂಟು ಭಾಗದ್ದು ಹತ್ತೂವರೆ. ನಾನು ಮೊದಲು ನಾಲ್ಕು, ಆಮೇಲೆ ಎಂಟು ಇಟ್ಟೆ. ಅಂದರೆ ಒಂದು ಎಳೆಗೆ 32 ಮನೆ. 7 ಕಿಲೋಮೀಟರ್ ಫೈಬರ್‌ಗೆ ಎರಡೂವರೆ ಡಿಬಿ, ಜಾಯಿಂಟು ಕನೆಕ್ಟರಿಗೆ ಒಂದೂವರೆ ಇಟ್ಟುಕೊಳ್ಳಿ. ಅಲ್ಲಿಂದ +3ರ ಮಟ್ಟದಲ್ಲಿ ಹೊರಟ ಬೆಳಕು ಮನೆಯಲ್ಲಿ -18, -19ಕ್ಕೆ ಬರಬೇಕು. -27ರ ತನಕ ಮನೆಯ ಬಾಕ್ಸ್ ಓದುತ್ತೆ. ಅದಕ್ಕಿಂತ ಕೆಳಗೆ ಹೋದರೆ ಕೆಂಪು ದೀಪ.

ಫೈಬರ್ ಜೋಡಿಸುವ ಸ್ಪ್ಲೈಸಿಂಗ್ ಮೆಷಿನ್ ಮೊದಲು ದಿನದ ಬಾಡಿಗೆಗೆ ತಂದೆ. ಎಳೆಯೊಳಗಿನ ಗಾಜು 125 ಮೈಕ್ರಾನ್, ತಲೆಕೂದಲಿಗಿಂತ ಸ್ವಲ್ಪ ದಪ್ಪ. ಮೇಲಿನ ಬಣ್ಣದ ಪದರ ಸುಲಿದು, ಸ್ಪಿರಿಟ್‌ನಲ್ಲಿ ಒರೆಸಿ, ಕ್ಲೀವರ್‌ನಲ್ಲಿ ಕತ್ತರಿಸಬೇಕು. ಒರೆಸಿದ್ದು ಸರಿಯಾದರೆ ಬೆರಳ ನಡುವೆ ಕಿಚ್ ಅಂತ ಸದ್ದು ಬರುತ್ತೆ. ಎರಡು ತುದಿ ಮೆಷಿನ್‌ನಲ್ಲಿ ಇಟ್ಟು ಮುಚ್ಚಿದರೆ ಸ್ಕ್ರೀನ್ ಮೇಲೆ ಎರಡು ಬಿಳಿ ಕೊಳವೆಗಳು ಹತ್ತಿರ ಬರುತ್ತವೆ, ಒಂದು ಕಿಡಿ, ಒಂದಾಗುತ್ತವೆ. ಕೆಳಗೆ 0.02 ಅಂತ ಲಾಸ್ ಬರೆದು ತೋರಿಸುತ್ತೆ. 20 ವರ್ಷ ಕೇಬಲ್ ತಿರುಚಿ ಟೇಪ್ ಸುತ್ತಿದವನಿಗೆ ಇದು ಬೇರೆ ಲೋಕ. ಕತ್ತರಿಸಿದ ಚೂರುಗಳನ್ನ ಕಪ್ಪು ಟೇಪಿಗೆ ಅಂಟಿಸಿ ಎತ್ತಿಡಬೇಕು. ನಾನು ಸುಮ್ನೆ ಕೊಡವಿ, ಅದೇ ಕೈಯಲ್ಲಿ ಊಟಕ್ಕೆ ಕೂತೆ. ಹೆಬ್ಬೆರಳಿಗೆ ಚುಚ್ಚಿದ ಚೂರು ನಾಲ್ಕು ದಿನ ಕಣ್ಣಿಗೇ ಕಾಣಲಿಲ್ಲ. ಹೊಟ್ಟೆಗೆ ಹೋಗಲಿಲ್ಲವಲ್ಲ ಅಂತ ಸಮಾಧಾನ.

ಕನೆಕ್ಷನ್ ಕೊಟ್ಟ ಮೊದಲ ವಾರ ಒಂದೇ ಸಾಲಿನ ಮೂರು ಮನೆಯಲ್ಲಿ ನೆಟ್ ಬರೋದು, ಹೋಗೋದು. ಬೆಳಕು ಅಳೆಯುವ ಪವರ್ ಮೀಟರ್ ಹಾಕಿದರೆ -28. ಜಾಯಿಂಟ್ ಬಾಕ್ಸ್ ಎರಡು ಸಲ ಬಿಚ್ಚಿ ಹೊಸದಾಗಿ ಜೋಡಿಸಿದೆ. ಅದೇ -28. ಸ್ಪ್ಲಿಟರ್ ಬದಲಾಯಿಸಿದೆ. -28. ರಾತ್ರಿ ಎಂಟು ಗಂಟೆಗೆ ಟಾರ್ಚ್ ಹಿಡಿದು ಗೋಡೆ ಉದ್ದಕ್ಕೂ ಕೇಬಲ್ ನೋಡುತ್ತಾ ಹೋದೆ. ಮೂಲೆಯಲ್ಲಿ ನಮ್ಮ ಹುಡುಗ ಅದನ್ನ ಮೊಳೆಗೆ ಬಿಗಿಯಾಗಿ ಎರಡು ಸುತ್ತು ಸುತ್ತಿ ಕಟ್ಟಿದ್ದ. ಟಿವಿ ಕೇಬಲ್ ಕಟ್ಟುವ ಹಾಗೆ. ಅವನದೇನು ತಪ್ಪು, ಹಾಗೆ ಕಟ್ಟಲು ಕಲಿಸಿದ್ದೇ ನಾನು. ಗಾಜು ಜಾಸ್ತಿ ಬಾಗಿದರೆ ಬೆಳಕು ಆ ತಿರುವಿನಲ್ಲೇ ಹೊರಗೆ ಸೋರುತ್ತೆ. ಗಂಟು ಸಡಿಲ ಮಾಡಿ ಬಿಡುತ್ತಾ ಬಂದಂತೆ ಒಳಗಿದ್ದ ಹುಡುಗ ಮೀಟರ್ ನೋಡಿ ಕೂಗಿದ: ‘25! 22! ಅಣ್ಣ, 19!’ ಅವತ್ತು ಊರೆಲ್ಲ ಸುತ್ತಿ 40 ಮೊಳೆ ಕಿತ್ತೆವು.

ಇನ್ನೊಂದು ಸಲ ಹಸಿರು ಕನೆಕ್ಟರಿಗೆ ನೀಲಿಯದನ್ನ ಸಿಕ್ಕಿಸಿ ಅರ್ಧ ದಿನ ಕಳೆದೆ. ಹಸಿರಿನ ತುದಿ ಓರೆ, ನೀಲಿಯದು ನೇರ. ಒಳಗೆ ಹೋಗುತ್ತೆ, ಆದರೆ ಮುಖ ಕೂಡಲ್ಲ.

ಕೇಬಲ್ ಬಂದರೂ ಸ್ಪೀಡ್ ಬರಲಿಲ್ಲ ಅನ್ನುವ ದೂರು ಆಮೇಲಿನದು. 60 ಮನೆ ಆಗುವ ತನಕ ಚೆನ್ನಾಗಿತ್ತು. 90 ದಾಟಿದ ಮೇಲೆ ರಾತ್ರಿ ಎಂಟರಿಂದ ಹತ್ತರ ತನಕ, ಅದರಲ್ಲೂ ಐಪಿಎಲ್ ದಿನ, ಎಲ್ಲರ ಮನೆಯಲ್ಲೂ ಚಕ್ರ ಸುತ್ತೋದೇ. ಫೈಬರ್‌ನಲ್ಲಿ ಜಾಗ ಇತ್ತು. ಒಂದು ಎಳೆ ಸುಮಾರು 2,500 ಎಂಬಿಪಿಎಸ್ ಹೊರುತ್ತೆ. ನಾನು ಕೊಂಡದ್ದು 200 ಮಾತ್ರ! ಕಾಲುವೆ ಅಗಲ ಇದ್ದರೇನು, ಬಿಟ್ಟ ನೀರು ಇಷ್ಟೇ ಆದರೆ? ಜನ ಬೈದದ್ದು ನ್ಯಾಯವಾಗಿತ್ತು. 500ಕ್ಕೆ ಏರಿಸಿದೆ. ಜನ ಹೆಚ್ಚು ನೋಡುವ ವಿಡಿಯೋಗಳನ್ನ ಹತ್ತಿರದಲ್ಲೇ ಇಟ್ಟುಕೊಂಡು ಕೊಡುವ ಕ್ಯಾಷ್ ಸರ್ವರ್ ಅನ್ನ ಕಂಪನಿಯವರು ತಮ್ಮ ಕಡೆ ಕೂಡಿಸಿದ ಮೇಲೆ ಚಕ್ರ ನಿಂತಿತು. ಆರು ತಿಂಗಳು ನನಗೆ ಲಾಭ ಅನ್ನುವುದು ಇರಲಿಲ್ಲ. ನಿಮ್ಮೂರಿನಲ್ಲಿ ಯಾರಾದರೂ 100 ಎಂಬಿಪಿಎಸ್ ಪ್ಲಾನ್ ಮಾರಲು ಬಂದರೆ, ಬೆಳಗ್ಗೆ ಸ್ಪೀಡ್ ಟೆಸ್ಟ್ ಮಾಡಿ ತೋರಿಸಲು ಬಿಡಬೇಡಿ. ರಾತ್ರಿ ಒಂಬತ್ತಕ್ಕೆ ಬರಲು ಹೇಳಿ.

ಕಬ್ಬಿನ ಸೀಸನ್ ಬಂದರೆ ನನಗೆ ನಿದ್ದೆ ಇಲ್ಲ. ಟ್ರಾಕ್ಟರಿಗೆ ಎರಡು ಟ್ರೇಲರ್ ಕಟ್ಟಿ, ಕಬ್ಬನ್ನ ಮಾಳಿಗೆ ಎತ್ತರಕ್ಕೆ ಒಟ್ಟಿ ರಾತ್ರಿ ಹೊತ್ತು ಬರುತ್ತಾರೆ. ರಸ್ತೆಗೆ ಅಡ್ಡ ಜೋತ ಕೇಬಲ್ ಮೇಲಿನ ಜಲ್ಲೆಗೆ ಸಿಕ್ಕಿಕೊಂಡರೆ ಒಂದು ಫರ್ಲಾಂಗ್ ಎಳೆದುಕೊಂಡು ಹೋಗುತ್ತೆ. ಮೊದಲ ಸೀಸನ್‌ನಲ್ಲಿ ಐದು ಸಲ ಹರಿಯಿತು. ಈಗ ರಸ್ತೆ ದಾಟುವ ಕಡೆಯಲ್ಲೆಲ್ಲ ಪೈಪ್ ಎತ್ತರ ಮಾಡಿ 22 ಅಡಿಗೆ ಏರಿಸಿದ್ದೇನೆ. ಕಟಾವಾದ ಮೇಲೆ ಸೋಗೆಗೆ ಬೆಂಕಿ ಇಡುತ್ತಾರಲ್ಲ, ಬದುವಿನ ಪಕ್ಕದ ಕೇಬಲ್ ಅದಕ್ಕೆ ಕರಗುತ್ತೆ. ಬೆಂಕಿ ಇಡುವ ಮುಂಚೆ ಒಂದು ಫೋನ್ ಮಾಡಿ ಅಂತ ಮನೆ ಮನೆಗೆ ಹೇಳಿ ಬಂದೆ. ಅರ್ಧ ಜನ ಮಾಡುತ್ತಾರೆ. ಕೇಬಲ್ ಕಡಿಯುವ ಅಳಿಲು ಮಾತ್ರ ಯಾರ ಮಾತೂ ಕೇಳಲ್ಲ.

ಕರೆಂಟ್ ಹೋದರೆ ನೆಟ್ ಹೋಗುವುದು ಇನ್ನೊಂದು ಕಾಟ. ತಾಮ್ರದ ಫೋನಿಗೆ ಎಕ್ಸ್‌ಚೇಂಜ್‌ನಿಂದಲೇ ಕರೆಂಟ್ ಬರುತ್ತಿತ್ತು. ಫೈಬರ್ ಬಾಕ್ಸಿಗೆ ಮನೆಯದೇ ಬೇಕು. 12 ವೋಲ್ಟಿನ ಸಣ್ಣ ಯುಪಿಎಸ್ ಇಟ್ಟವರು ಬಚಾವ್. ಹಳೇ ಲ್ಯಾಂಡ್‌ಲೈನ್ ಬಿಡಲು ಕೆಲವು ಹಿರಿಯರು ಒಪ್ಪದೇ ಇದ್ದದ್ದಕ್ಕೆ ಇದೇ ಕಾರಣ, ಅವರ ಮಾತೂ ಸರಿಯೇ.

ಈಗ 170 ಮನೆಗೆ ಕನೆಕ್ಷನ್ ಇದೆ. ರೇಷನ್ ಅಂಗಡಿಯಲ್ಲಿ ಬೆರಳು ಒತ್ತುವ ಮೆಷಿನ್, ಹಾಲಿನ ಡೈರಿ ಕಂಪ್ಯೂಟರ್, ಗ್ರಾಮ ಒನ್ ಎಲ್ಲಾ ಇದರಲ್ಲೇ ನಡೆಯುತ್ತಿವೆ. ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ನಾಲ್ಕು ಹುಡುಗ ಹುಡುಗಿಯರು ವಾರಕ್ಕೆ ಮೂರು ದಿನ ಊರಲ್ಲೇ ಇರುತ್ತಾರೆ. ಪಹಣಿ ತೆಗೆಸಲು ಬಸ್ ಹತ್ತುವವರು ಕಡಿಮೆ.

ಉಳಿದಿರುವುದು ನಾಲೆ ಆಚೆಯ ದೊಡ್ಡಿ. 22 ಮನೆ, ಒಂದೂವರೆ ಕಿಲೋಮೀಟರ್. ಅಷ್ಟು ಮನೆಗೆ ಕೇಬಲ್ ಎಳೆದರೆ ಹಣ ವಾಪಸ್ ಬರಲು ವರ್ಷಗಳು ಬೇಕು ಅಂತ ಮೊದಲು ವೈರ್‌ಲೆಸ್ ಡಿಶ್ ಹಾಕಿ ನೋಡಿದೆ. ನಮ್ಮ ಮಾಳಿಗೆಯಿಂದ ಅಲ್ಲಿನ ನೀರಿನ ಟ್ಯಾಂಕಿಗೆ. ಬೇಸಿಗೆಯಲ್ಲಿ ಚೆನ್ನಾಗಿ ಓಡಿತು. ಆಷಾಢದ ಗಾಳಿಗೆ ನಡುವಿನ ತೆಂಗಿನ ಗರಿಗಳು ಓಲಾಡಿದ ಹಾಗೆಲ್ಲ ನೆಟ್ ಕಟ್. ಮರ ಕಡಿಯಿರಿ ಅನ್ನಲು ಬಾಯಿ ಬರುತ್ತಾ? ಹಾಗಾಗಿ ಅಲ್ಲಿಗೂ ಫೈಬರೇ. ಎಂಟು ಗುಂಡಿ ತೋಡಿಸಿದ್ದೇನೆ, ಪೈಪ್ ತಂದು ನಮ್ಮ ಕೊಟ್ಟಿಗೆಯಲ್ಲಿ ಹಾಕಿದ್ದೇನೆ. ನಡುವೆ ಎರಡು ಎಕರೆ ಕಬ್ಬಿನ ಗದ್ದೆ ದಾಟಬೇಕು. ಗದ್ದೆಯವರು ಒಳ್ಳೆಯವರು, ‘ಎಳ್ಕೋಪ್ಪ, ಆದ್ರೆ ಕಬ್ಬು ಕಡಿದ ಮೇಲೆ’ ಅಂದಿದ್ದಾರೆ. ಅವರಿಗೆ ಸಕ್ಕರೆ ಫ್ಯಾಕ್ಟರಿಯಿಂದ ಕಟಿಂಗ್ ಆರ್ಡರ್ ಇನ್ನೂ ಬಂದಿಲ್ಲ.