‘ಇಲ್ಲ’ ಎಂದಿದ್ದನ್ನು ‘ಇರಲಿಲ್ಲ’ ಎಂದು ತಿದ್ದಿದೆ

2020ರ ಲಾಕ್‌ಡೌನ್‌ನಲ್ಲಿ ಬಾಗಲಕೋಟೆಯ ನವನಗರದ ಮನೆಯಲ್ಲಿ ಕುಳಿತು ನನ್ನ ಮೊದಲ ಡಿಸ್ಟೋಪಿಯಾ, ಅಂದರೆ ಕೆಟ್ಟ ನಾಳೆಯ, ಕಾದಂಬರಿ ಶುರುಮಾಡಿದೆ. ಹಿಂದಿನ ಆಗಸ್ಟ್‌ನಲ್ಲಷ್ಟೇ ಕೃಷ್ಣೆ, ಮಲಪ್ರಭೆ, ಘಟಪ್ರಭೆ ಮೂರೂ ಉಕ್ಕಿ ಊರೂರಿಗೆ ನುಗ್ಗಿದ್ದವು. ಕೆಟ್ಟ ನಾಳೆಯನ್ನು ಕಲ್ಪಿಸಲು ದೂರ ಹೋಗಬೇಕಾಗಲಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೆಯ ಓಣಿಗಳನ್ನು ಬಿಟ್ಟುಕೊಟ್ಟು ಸೆಕ್ಟರ್ ನಂಬರಿಗೆ ಬಂದವರು ನಾವು. ಆ ನಂಬರುಗಳನ್ನೇ ಇನ್ನಷ್ಟು ಎಳೆದೆ: ಮನುಷ್ಯರಿಗೆ ಹೆಸರಿಲ್ಲ, ನದಿಗೆ ಹೆಸರಿಲ್ಲ, ನೀರು ಏರುತ್ತಲೇ ಇದೆ.

ಮೊದಲ ಕರಡಿನಲ್ಲಿ ಎಲ್ಲರೂ ಸತ್ತರು. ಓದಿದ ಗೆಳೆಯ, “ಸಾಯಿಸಲು ಇಷ್ಟು ಪುಟ ಏಕೆ ಬೇಕಿತ್ತು?” ಎಂದ. ಸಿಟ್ಟು ಬಂತು, ಉತ್ತರ ಹೊಳೆಯಲಿಲ್ಲ. ಎರಡನೆಯ ಕರಡಿನಲ್ಲಿ ಉದ್ಧಾರಕನೊಬ್ಬನನ್ನು ಕರೆತಂದೆ. ನಮ್ಮ ಕಾಲಜ್ಞಾನ ವಚನಗಳ ಹಳೆಯ ಜಾಡು ಅದು. ಲೋಕ ಕೆಟ್ಟ ಮೇಲೆ ವೀರವಸಂತರಾಯ ಬರುತ್ತಾನೆ. ಆದರೆ ನನ್ನವನು ಬರುವವರೆಗೆ ಇಡೀ ಊರು ಕೈಕಟ್ಟಿ ಕುಳಿತಿತ್ತು. ಬಂದ ಮೇಲೆ ಬರೀ ಅವನ ಭಾಷಣ. ಈಗ ತೆಗೆದು ಓದಿದರೆ ನಾಚಿಕೆಯಾಗುತ್ತದೆ.

ಗುಡಿಗಳ ಬಾಗಿಲು ತೆರೆದ ಮೇಲೆ ಅವ್ವನನ್ನು ಕೂಡಲಸಂಗಮಕ್ಕೆ ಕರೆದೊಯ್ದೆ. ಬಸವಣ್ಣನವರ ಐಕ್ಯಮಂಟಪ ಹಿನ್ನೀರಿನಲ್ಲಿ ಮುಳುಗದಂತೆ ಸುತ್ತಲೂ ಬಾವಿಯ ಹಾಗೆ ಗೋಡೆ ಎತ್ತಿದ್ದಾರೆ. ಮೆಟ್ಟಿಲಿಳಿದು ತಳಕ್ಕೆ ಹೋಗಬೇಕು. ಚಿಕ್ಕಂದಿನಿಂದ ಕಂಡ ಜಾಗ. ಅಂದು ಅವ್ವ ಅರ್ಧ ಇಳಿದವಳು ನಿಂತು, ಗೋಡೆಗೆ ಅಂಗೈ ಹಚ್ಚಿ, “ಆಚೆ ನೀರು ನಮ್ಮ ತಲೆಗಿಂತ ಮೇಲಿದೆಯೇನೋ?” ಎಂದು ಕೇಳಿದಳು. ಇರಬಹುದು ಎಂದೆ. “ಹಾಗಾದರೆ ಇದನ್ನು ದಿನಾ ನೋಡಿಕೊಳ್ಳುವವರು ಯಾರಾದರೂ ಇರಬೇಕು” ಎಂದು ಮತ್ತೆ ಇಳಿಯತೊಡಗಿದಳು.

ಉದ್ಧಾರಕನನ್ನು ಕಿತ್ತು ಹಾಕಿ ಅಲ್ಲಿ ಒಬ್ಬ ಮುದುಕಿಯನ್ನು ತಂದೆ. ಗೋಡೆ ಜಿನುಗುತ್ತದೆ, ಅವಳು ದಿನವೂ ಇಳಿದು, ಕೊಡ ತುಂಬಿ, ಮೇಲೆ ಹೊತ್ತು ತಂದು ಚೆಲ್ಲುತ್ತಾಳೆ. ದೇವರನ್ನು ಬಯ್ಯುತ್ತಲೇ ಎಣಿಸುತ್ತಾಳೆ: ನಿನ್ನೆ ನಲವತ್ತು, ಇಂದು ಮೂವತ್ತೆಂಟು. ‘ನಂಬಿಕೆ’, ‘ಭರವಸೆ’ ಎಂಬ ಪದಗಳನ್ನು ಹಸ್ತಪ್ರತಿಯಲ್ಲಿ ಹುಡುಕಿ ಹುಡುಕಿ ಅಳಿಸಿದೆ. ಅವು ಖಾಲಿ ಮಾಡಿದ ಜಾಗಕ್ಕೆ ಮೊಣಕಾಲು ನೋವು, ಒದ್ದೆ ಸಿಂಬಿ, ಸೋರುವ ಕೊಡಕ್ಕೆ ಮೆತ್ತಿದ ಡಾಂಬರು ಬಂದವು.

ಆದರೂ ಕಾದಂಬರಿ ಉಸಿರಾಡುತ್ತಿರಲಿಲ್ಲ. ಆಗ ನೆನಪಾದದ್ದು 1949ರಲ್ಲಿ ಬಂದ ಜಾರ್ಜ್ ಆರ್ವೆಲ್‌ನ ಕಾದಂಬರಿ ‘1984’. ಅದರ ಕಥಾನಾಯಕ ಪೂರ್ತಿ ಮುರಿದುಹೋಗುತ್ತಾನೆ. ಆದರೆ ಕೊನೆಯಲ್ಲಿ ಆ ಆಡಳಿತದ ಭಾಷೆಯ ಕುರಿತು ಒಂದು ಅನುಬಂಧವಿದೆ, ಭೂತಕಾಲದಲ್ಲಿ. ಆಡಳಿತ ಬಿದ್ದ ಮೇಲೆ ಯಾರೋ ಬರೆದದ್ದು ಎಂದು ಅದನ್ನು ಓದುವವರಿದ್ದಾರೆ. ನನಗೆ ಅನುಬಂಧ ಬೇಕಾಗಲಿಲ್ಲ, ಕನ್ನಡದ ಕ್ರಿಯಾಪದವೇ ಸಾಕಾಯಿತು. ‘ನದಿಗೆ ಹೆಸರಿಲ್ಲ’ ಎಂದಿದ್ದ ಮೊದಲ ಸಾಲನ್ನು ‘ನದಿಗೆ ಹೆಸರಿರಲಿಲ್ಲ’ ಎಂದು ತಿದ್ದಿದೆ. ಹೇಳಲು ಯಾರೋ ಉಳಿದಿದ್ದಾರೆ. ನದಿಗೆ ಈಗ ಹೆಸರಿದೆ. ಯಾವ ಹೆಸರು ಎಂಬುದನ್ನು ಮಾತ್ರ ಎಲ್ಲಿಯೂ ಬರೆಯಲಿಲ್ಲ.

ಇನ್ನೂರ ಹತ್ತು ಪುಟಗಳ ಕ್ರಿಯಾಪದಗಳನ್ನು ಕೈಯಲ್ಲೇ ತಿದ್ದಲು ಹನ್ನೊಂದು ದಿನ ಹಿಡಿಯಿತು. ಕಣ್ಣು ಮಂಜಾಗಿರುವ ಅವ್ವ ಕೊನೆಯ ಅಧ್ಯಾಯವನ್ನು ನನ್ನಿಂದ ಓದಿಸಿಕೊಂಡಳು. ಮುಗಿದ ಮೇಲೆ ಕೇಳಿದ್ದು ಒಂದೇ: “ನದಿಯದು ಇರಲಿ, ಅಷ್ಟು ಕೊಡ ಹೊತ್ತವಳಿಗೆ ಒಂದು ಹೆಸರಿಡಬಾರದಿತ್ತೇ?”