ಸ್ಕ್ಯಾನರ್ ಅದೇ, ಗೆರೆ ಮಾತ್ರ ಹೋಯಿತು

ಅಪ್ಪನ ಸ್ಟುಡಿಯೋದ ಹಳೇ 120 ಸೈಜಿನ (ಅಗಲ ರೀಲಿನ) ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡುವಾಗ ಅಡ್ಡಗೆರೆ ಬೀಳುತ್ತಿತ್ತು. 1200 ಡಿಪಿಐಗೆ (ಇಂಚಿಗೆ ಅಷ್ಟು ಚುಕ್ಕೆ) ಏನೂ ಇಲ್ಲ, 2400ಕ್ಕೆ ಏರಿಸಿದರೆ ಫ್ರೇಮಿಗೆ ಏಳೆಂಟು ಗೆರೆ. "ಸ್ಕ್ಯಾನರ್ ಮುಗೀತು ಮಾರಾಯ, ಹೊಸದು ತಗೋ" ಎಂದರು ಸಾಗರದ ಗೆಳೆಯರು. ಕಂಪ್ಯೂಟರಿಗೆ ಕೈ ಹಾಕ್ತೀನಿ ಅಂದಿದ್ದಕ್ಕೆ ನಕ್ಕರು.

ನನಗೆ ಅನುಮಾನ ಬಂದಿದ್ದು ಸದ್ದಿನಿಂದ. ಮೋಟರ್ ಒಂದೇ ಸಮನೆ ಗುಂಯ್‌ಗುಡಬೇಕು. ನನ್ನದು ನಿಲ್ಲುತ್ತಿತ್ತು, ಸ್ವಲ್ಪ ಹಿಂದೆ ಸರಿದು ಮತ್ತೆ ಹೊರಡುತ್ತಿತ್ತು. ಕೂತು ಎಣಿಸಿದೆ. ಎಷ್ಟು ಸಲ ನಿಂತಿತೋ ಅಷ್ಟೇ ಗೆರೆ! ಅಂದರೆ ಕಂಪ್ಯೂಟರ್ ಡೇಟಾ ಎಳೆದುಕೊಳ್ಳುವವರೆಗೆ ಸ್ಕ್ಯಾನರಿನ ಓದುವ ಹೆಡ್ ಕಾಯುತ್ತಿದೆ, ಅಲ್ವಾ?

ನನ್ನ ಕಂಪ್ಯೂಟರ್ ಅಂದರೆ ಎಚ್61 ಬೋರ್ಡು, ಐ3 ಪ್ರೊಸೆಸರ್, 2 ಜಿಬಿ ರ‍್ಯಾಮ್, 32 ಬಿಟ್ ವಿಂಡೋಸ್ 7. ಮೊದಲು ದಡ್ಡತನ ಮಾಡಿದೆ. 4,500 ಕೊಟ್ಟು ಸೆಕೆಂಡ್‌ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತಂದೆ. ಒಂದು ಗೆರೆಯೂ ಕಮ್ಮಿಯಾಗಲಿಲ್ಲ. ಅದೀಗ ಮಗನ ಗೇಮಿಗೆ.

ಆಮೇಲೆ ಬೆಂಗಳೂರಿನ ಎಸ್.ಪಿ. ರೋಡಿನಿಂದ 8 ಜಿಬಿ ಹಳೇ ರ‍್ಯಾಮ್, ಸುಮಾರು 1,500. ಹಾಕಿ ನೋಡಿದರೆ ವಿಂಡೋಸ್ ಬಳಸುತ್ತಿರುವುದು 3 ಜಿಬಿ ಚಿಲ್ಲರೆ! 32 ಬಿಟ್ ವಿಂಡೋಸಿಗೆ ಅದಕ್ಕಿಂತ ಹೆಚ್ಚು ದಕ್ಕದು. ಭಾನುವಾರವಿಡೀ 64 ಬಿಟ್ ಹಾಕುವುದು, ಸ್ಕ್ಯಾನರ್ ಡ್ರೈವರ್ ಜೊತೆ ಗುದ್ದಾಡುವುದು. ಜೊತೆಗೆ ಹಳೇ ಡಿಸ್ಕಿನ ಬದಲು 240 ಜಿಬಿ ಎಸ್‌ಎಸ್‌ಡಿ, 1,800 ಇರಬೇಕು. 6×6 ಸೆಂ.ಮೀ. ಕಲರ್ ಫ್ರೇಮು 2400ರಲ್ಲಿ, ಬಣ್ಣದ ಆಳ 48 ಬಿಟ್‌ಗೆ 170 ಎಂಬಿ ಹತ್ತಿರ. ಮೊದಲು ಸೇವ್ ಕೊಟ್ಟು ಚಹಾ ಕುಡಿದು ಬರುತ್ತಿದ್ದೆ, ಈಗ ಹತ್ತು ಎಣಿಸುವುದರೊಳಗೆ ಮುಗಿಯುತ್ತದೆ. ಗೆರೆ ಎರಡಕ್ಕೆ ಇಳಿಯಿತು. ಆದರೆ ಹೋಗಲಿಲ್ಲ.

ಕೊನೆಗೆ ಸಿಕ್ಕಿದ್ದು ಸ್ಕ್ಯಾನರಿನ ಕೇಬಲ್ಲು. ಯುಎಸ್‌ಬಿ ಹಬ್‌ಗೆ ಚುಚ್ಚಿದ್ದೆ, ಅಂದರೆ ಒಂದೇ ಪೋರ್ಟನ್ನು ಹಲವು ಸಾಧನ ಹಂಚಿಕೊಳ್ಳುವ ಡಬ್ಬಿಗೆ. ಕಿತ್ತು, ಕಂಪ್ಯೂಟರಿನ ಹಿಂಬದಿಯ ಪೋರ್ಟಿಗೆ ಗಿಡ್ಡ ಕೇಬಲ್ ಹಾಕಿದೆ. ಗೆರೆ ಮಾಯ.

"ಹಂಗಾದ್ರೆ ರ‍್ಯಾಮಿನ ದುಡ್ಡು ದಂಡ" ಎಂದ ಒಬ್ಬ. ಅವನ ಎದುರಿಗೇ ಹಳೇ ಡಿಸ್ಕು, ಹಳೇ 2 ಜಿಬಿ ವಾಪಸ್ ಹಾಕಿ ತೋರಿಸಿದೆ. ಮೂರು ಗೆರೆ. ಸುಮ್ಮನಾದ. ಈಗ ಅವನ ನೆಗೆಟಿವ್‌ಗಳೂ ನನ್ನ ಹತ್ತಿರವೇ ಬರುತ್ತವೆ.

ಆಸೆಗೆ ಬಿದ್ದು 4800ನ್ನೂ ನೋಡಿದೆ. ಫೈಲು ನಾಲ್ಕು ಪಟ್ಟು ಊದಿತು, ಕಂಡಿದ್ದು ಬರೀ ಗ್ರೇನ್, ಫಿಲ್ಮಿನದೇ ಕಾಳುಕಾಳು. ಬ್ಲಾಕ್ ಅಂಡ್ ವೈಟ್‌ಗೆ ಐಸ್ (ಇನ್‌ಫ್ರಾರೆಡ್ ಬೆಳಕಿನಿಂದ ಧೂಳು, ಗೀರು ಪತ್ತೆಹಚ್ಚಿ ಅಳಿಸುವ ಸೌಲಭ್ಯ) ಆನ್ ಮಾಡಬೇಡಿ, ಫಿಲ್ಮಿನ ಬೆಳ್ಳಿ ಇನ್‌ಫ್ರಾರೆಡ್ ತಡೆಯುತ್ತದೆ, ಮುಖಗಳೇ ಕಲಸಿಹೋಗುತ್ತವೆ. ಮಳೆಗಾಲದಲ್ಲಿ ಸುರುಳಿಯಾದ ನೆಗೆಟಿವನ್ನು ಗಾಜಿಲ್ಲದೆ ಚಪ್ಪಟೆ ಮಾಡುವ ಉಪಾಯವೂ ಇದೆ. ಅದನ್ನು ಇಲ್ಲಿ ಬರೆದರೆ ನನ್ನ ಹೊಟ್ಟೆಪಾಡು?

12 ಫ್ರೇಮಿನ ರೀಲಿಗೆ ಮುಂಚೆ ಎರಡು ಗಂಟೆ, ಈಗ ಮುಕ್ಕಾಲು. ಅಪ್ಪನ ಡಬ್ಬಿಗಳಲ್ಲಿ ಇನ್ನೂ 900ರಷ್ಟು ನೆಗೆಟಿವ್ ಬಾಕಿ ಇವೆ.